‘ಅವರೂ ಮನುಷ್ಯರೇ’ ಎಂಬ ಘೋಷಣೆಯ ದೋಷ



ಗಾಂಧೀಜಿಯವರು ಹುತಾತ್ಮರಾದ ಜನವರಿ 30ರಂದು ನಮ್ಮ ದೇಶದಲ್ಲಿ ಕುಷ್ಠರೋಗ ವಿರೋಧಿ ದಿನಾಚರಣೆ ನಡೆಯುತ್ತದೆ. ಅಂದಿನ ಕೆಲವು ಭಿತ್ತಿಪತ್ರಗಳಲ್ಲಿ ಬೆರಳಿಲ್ಲದ ಕೈಯೊಂದರ ಚಿತ್ರ, ಅದರ ಕೆಳಗೆ ‘ಅವರೂ ನಮ್ಮಂತೆ ಮನುಷ್ಯರೇ’ ಎಂಬ ಘೋಷಣೆ. ನಿಮ್ಮಲ್ಲಿ ಕೆಲವರು ಸೇವಾಸಂಸ್ಥೆಗಳಲ್ಲಿದ್ದೀರಿ. ಆದ್ದರಿಂದಲೇ ಬಿಚ್ಚುಮನಸ್ಸಿನಿಂದ ಹೇಳುತ್ತೇನೆ: ಸದುದ್ದೇಶದ ಈ ಪ್ರಚಾರ ಕೇಡನ್ನೇ ಮಾಡುತ್ತದೆ.

ಬಹುಕಾಲ ವ್ಯಾಕರಣ ಬೋಧಿಸಿದ ನನಗೆ ಮೊದಲು ಚುಚ್ಚುವುದು ಆ ‘ಊ’ಕಾರ. ‘ಅವರೂ’ ಎಂದೊಡನೆ ಮನುಷ್ಯರ ಪಟ್ಟಿಯಲ್ಲಿ ನಾವು ಮೊದಲಿಗರು, ಅವರು ಆಮೇಲೆ ಸೇರಿಸಿಕೊಂಡವರು ಎಂದಾಯಿತು. ‘ಮನುಷ್ಯರೇ’ ಎಂಬಲ್ಲಿನ ಅವಧಾರಣೆ, ಯಾರಿಗೂ ಬರಬಾರದ ಸಂಶಯವೊಂದಕ್ಕೆ ಸಮಾಧಾನ ಹೇಳುತ್ತದೆ. ಮನುಷ್ಯತ್ವದ ಪ್ರಮಾಣಪತ್ರ ಹಂಚುವ ಅಧಿಕಾರವನ್ನು ನಮಗೆ ಕೊಟ್ಟವರಾರು?

ಚಿತ್ರದ ದೋಷ ಇನ್ನೂ ದೊಡ್ಡದು. ಅಂಗವೈಕಲ್ಯ ಚಿಕಿತ್ಸೆ ತಡವಾದುದರ ಫಲ. ರೋಗ ಸಾಮಾನ್ಯವಾಗಿ ಮೊದಲು ಕಾಣಿಸಿಕೊಳ್ಳುವುದು ಸ್ಪರ್ಶಜ್ಞಾನವಿಲ್ಲದ, ತಿಳಿಬಿಳಿ ಅಥವಾ ತಾಮ್ರವರ್ಣದ ಮಚ್ಚೆಯಾಗಿ. ಆಗಲೇ ಬಹು ಔಷಧ ಚಿಕಿತ್ಸೆ ಆರಂಭಿಸಿದರೆ 6ರಿಂದ 12 ತಿಂಗಳಲ್ಲಿ ರೋಗ ಗುಣವಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ. ಆದರೆ ಆ ಭಿತ್ತಿಪತ್ರವನ್ನು ಕಂಡ ಹುಡುಗಿ ತನ್ನ ತೋಳಿನ ಮಚ್ಚೆಗೂ ಆ ಕೈಗೂ ಸಂಬಂಧವಿಲ್ಲವೆಂದು ಸುಮ್ಮನಾಗುತ್ತಾಳೆ. ಸಂಬಂಧವಿದೆಯೆಂದು ಅನುಮಾನ ಬಂದರಂತೂ ಮದುವೆ ತಪ್ಪೀತೆಂದು ಮುಚ್ಚಿಡುತ್ತಾಳೆ. ಆ ಭಯ ನಿರಾಧಾರವೂ ಅಲ್ಲ. 2019ರಲ್ಲಿ ಸಂಸತ್ತು ತಿದ್ದುಪಡಿ ತರುವವರೆಗೂ ಹಿಂದೂ ವಿವಾಹ ಕಾಯಿದೆಯೂ ಸೇರಿದಂತೆ ಐದು ಕಾಯಿದೆಗಳಲ್ಲಿ ಕುಷ್ಠರೋಗವು ವಿಚ್ಛೇದನಕ್ಕೋ ಪ್ರತ್ಯೇಕ ವಾಸಕ್ಕೋ ಆಧಾರವಾಗಿತ್ತು.

‘ಕರುಣೆ ಹುಟ್ಟಿಸದಿದ್ದರೆ ದೇಣಿಗೆ ಬಾರದು’ ಎನ್ನುವವರಿದ್ದಾರೆ. ಹಣವಿಲ್ಲದೆ ಸೇವೆ ನಡೆಯದೆಂಬುದು ನಿಜ. ಆದರೆ ದಾನಿಯ ಕೈಚೀಲ ತೆರೆಸುವ ಚಿತ್ರವೇ ರೋಗಿ ಆಸ್ಪತ್ರೆಯ ಬಾಗಿಲಿಗೆ ಬಾರದಂತೆ ತಡೆದರೆ, ಆ ಹಣದಿಂದ ಸಾಧಿಸಿದ್ದೇನು? 2005ರ ಡಿಸೆಂಬರಿನಲ್ಲಿ ನಮ್ಮ ದೇಶ 10,000 ಜನರಿಗೆ ಒಂದು ಪ್ರಕರಣಕ್ಕಿಂತ ಕಡಿಮೆ ಎಂಬ ಗುರಿ ಮುಟ್ಟಿತು. ಆದರೂ 2023ರಲ್ಲಿ ಜಗತ್ತಿನ ಹೊಸ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪತ್ತೆಯಾದದ್ದು ಇಲ್ಲಿಯೇ. ಇಂಥಲ್ಲಿ ಮರುಕಕ್ಕಿಂತ ಮಾಹಿತಿ ತುರ್ತಿನದು.

ಭಿತ್ತಿಪತ್ರ ರಚಿಸುವ ನನ್ನ ಶಿಷ್ಯರೇ, ಕೈಯ ಚಿತ್ರ ತೆಗೆದು ಮಚ್ಚೆಯ ಚಿತ್ರ ಹಾಕಿ. ಗುಣಮುಖರಾದವರ ಒಪ್ಪಿಗೆ ಪಡೆದು, ಅವರು ತಮ್ಮ ಉದ್ಯೋಗದಲ್ಲಿ ತೊಡಗಿರುವ ಚಿತ್ರ ಹಾಕಿ. ಮಾತೂ ಅವರದೇ ಇರಲಿ. ಘೋಷಣೆ ಬೇಕೇ? ‘ಈ ಮಚ್ಚೆ ನಮ್ಮಲ್ಲಿ ಯಾರಿಗೂ ಬರಬಹುದು, ತೋರಿಸಿದರೆ ಗುಣವಾಗುತ್ತದೆ’ ಎಂದು ಬರೆಯಿರಿ. ‘ನಮ್ಮಲ್ಲಿ’ ಎಂಬ ಆ ಒಂದು ಪದದಲ್ಲಿ ‘ಅವರು’ ಎಂಬ ಬೇರೆ ಪಂಕ್ತಿಯೇ ಇಲ್ಲ.