‘ನಾಳೆ ಬರ್ರಿ’ ಅನ್ನುವವರ ಮೇಜಿನ ಮೇಲೆ ಏನಿದೆ?

ಮುಂಜಾನೆಯ ಹುಬ್ಬಳ್ಳಿ ಬಸ್ಸಿನಲ್ಲಿ ಪ್ಲಾಸ್ಟಿಕ್ ಫೈಲು ಎದೆಗವಚಿಕೊಂಡು ಕುಳಿತ ಹುಡುಗನನ್ನು ಕಂಡರೆ ಕುಂದಗೋಳದ ಮಂದಿ ‘ಎಲ್ಲಿಗೆ’ ಅಂತ ಕೇಳುವುದಿಲ್ಲ. ‘ಯುನಿವರ್ಸಿಟಿಗೇನಪಾ? ಎಷ್ಟನೇ ಸರ್ತಿ?’ ಅಂತಲೇ ಕೇಳುತ್ತಾರೆ. ಹುಡುಗ ನಗುವುದಿಲ್ಲ. ಹುಬ್ಬಳ್ಳಿ ಒಂದು ಇಪ್ಪತ್ತು ಕಿಲೋಮೀಟರು, ಅಲ್ಲಿಂದ ಧಾರವಾಡ ಮತ್ತೊಂದು ಇಪ್ಪತ್ತು. ಧಾರವಾಡ ಮುಟ್ಟಿದ ಮೇಲೂ ಛೋಟಾ ಮಹಾಬಳೇಶ್ವರ ಗುಡ್ಡದ ಪಾವಟೆ ನಗರ ಹತ್ತಬೇಕು. ಕೌಂಟರಿನ ಎದುರು ನಿಲ್ಲುವ ಹೊತ್ತಿಗೆ ಸಾಹೇಬರು ಊಟಕ್ಕೆ ಎದ್ದಿರುತ್ತಾರೆ ಎಂಬುದು ಬಸ್ಸಿನಲ್ಲಿ ಹೇಳುವ ಮಾತು.

ಹಿಂದೆ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ವಿದ್ಯೆ ಕಲಿಯಲು ಕುಂದಗೋಳಕ್ಕೆ, ಸವಾಯಿ ಗಂಧರ್ವರ ಕಡೆ ಬರುತ್ತಿದ್ದರು. ಈಗ ಕುಂದಗೋಳದ ಹುಡುಗರು ವಿದ್ಯೆ ಮುಗಿದ ಮೇಲೆ ಅದರ ಕಾಗದಕ್ಕಾಗಿ ಉಲ್ಟಾ ದಾರಿ ಹಿಡಿಯುತ್ತಾರೆ. ಸವಾಯಿ ಗಂಧರ್ವರು ಯಾರಿಗೂ ಮಾರ್ಕ್ಸ್ ಕಾರ್ಡ್ ಕೊಟ್ಟವರಲ್ಲ. ಅವರ ಶಿಷ್ಯರನ್ನು ಯಾರೂ ಕೇಳಲೂ ಇಲ್ಲ. ಕಾಲ ಬದಲಾಗಿದೆ. ಇವತ್ತು ಕಾಗದವಿಲ್ಲದ ವಿದ್ಯೆಗೆ ಹುಬ್ಬಳ್ಳಿ ಗೋಕುಲ ರಸ್ತೆಯ ಕಾರಖಾನೆಯ ಗೇಟಿನವನೂ ಬೆಲೆ ಕಟ್ಟುವುದಿಲ್ಲ.

ಬಸ್ಸಿನಲ್ಲಿ, ಚಹಾದಂಗಡಿಯಲ್ಲಿ, ಕಟಿಂಗ್ ಶಾಪಿನಲ್ಲಿ ಬೈಗುಳ ತಿನ್ನುವವನು ಯಾರು? ಕೌಂಟರಿನ ಆಚೆ ಕುಳಿತ ಗುಮಾಸ್ತ. ‘ದುಡ್ಡು ಕೊಟ್ರ ಆಗ್ತದ, ಇಲ್ಲಂದ್ರ ನಾಳೆ ಬರ್ರಿ ಅಂತಾರ’ ಎಂಬ ಮಾತು ಎಲ್ಲರ ಬಾಯಲ್ಲಿದೆ. ದುಡ್ಡು ತಿನ್ನುವವರು ಯಾವ ಕಚೇರಿಯಲ್ಲೂ ಇರಬಹುದು, ಅಂಥವರ ವಕಾಲತ್ತು ಇಲ್ಲಿ ಬೇಕಿಲ್ಲ. ಆದರೆ ಆ ಮೇಜಿನ ಮೇಲೆ ಏನಿದೆ ಎಂಬುದನ್ನು ನೋಡದೆ ಬೈದರೆ ಬೈಗುಳ ತಪ್ಪು ವಿಳಾಸಕ್ಕೆ ಹೋಗುತ್ತದೆ.

ಅಂಗಡಿ ನಡೆಸುವವರಿಗೆ ಇದು ಬೇಗ ತಿಳಿಯುವ ಸಂಗತಿ. ಅಂಗಡಿಯಲ್ಲಿ ಕಿರ್ದಿ ಇದೆ, ಖಾತೆ ವಹಿ ಇದೆ. ದೀಪಾವಳಿಗೆ ಹಳೆಯ ವಹಿ ಕಟ್ಟಿಟ್ಟು ಹೊಸದಕ್ಕೆ ಕುಂಕುಮ ಹಚ್ಚುತ್ತಾರೆ. ಐದಾರು ವರ್ಷ ಕಳೆದರೆ ಹಳೆಯ ವಹಿಯನ್ನು ಗೆದ್ದಲು ತಿಂದರೂ ಚಿಂತೆಯಿಲ್ಲ. ವಿಶ್ವವಿದ್ಯಾಲಯದ ಲೆಡ್ಜರಿಗೆ ಆ ಬಿಡುಗಡೆ ಇಲ್ಲ. ಒಬ್ಬ ಹುಡುಗ ಬಿ.ಕಾಂ. ಮೂರನೇ ವರ್ಷ ಪಾಸಾದ ಸಾಲನ್ನು ಅವನು ನಿವೃತ್ತಿಯಾಗುವವರೆಗೆ ಕಾಯಬೇಕು. ನಿವೃತ್ತಿಯಾದ ಮೇಲೂ ಮಗಳ ಹತ್ತಿರ ಕೆನಡಾಕ್ಕೆ ಹೋಗುವ ಕಾಗದಕ್ಕೆ ಯಾರೋ ಅದನ್ನು ಕೇಳುತ್ತಾರೆ. ಅಂಗಡಿಯ ವಹಿಯಲ್ಲಿ ತಪ್ಪು ಬಿದ್ದರೆ ಗೆರೆ ಎಳೆದು ಮಾಲೀಕ ಸಹಿ ಮಾಡಿದರೆ ಮುಗಿಯಿತು. ಲೆಡ್ಜರಿನಲ್ಲಿ ಒಂದು ಅಂಕಿ ತಿದ್ದಬೇಕಾದರೆ ಗುಮಾಸ್ತ ಟಿಪ್ಪಣಿ ಬರೆಯಬೇಕು, ಅಧೀಕ್ಷಕ ನೋಡಬೇಕು, ಫೈಲು ಮೌಲ್ಯಮಾಪನ ಕುಲಸಚಿವರವರೆಗೆ ಹೋಗಿ ಇಳಿದು ಬರಬೇಕು. ತಡವಾಗುವುದು ನಿಜ. ಆದರೆ ಆ ತಡವಿಲ್ಲದಿದ್ದರೆ ಯಾರು ಬೇಕಾದರೂ ಯಾರ ಅಂಕವನ್ನಾದರೂ ತಿದ್ದಿಸಿಕೊಂಡು ಬರುತ್ತಿದ್ದರು.

ಇನ್ನು ಆ ಲೆಡ್ಜರುಗಳ ರಾಶಿ. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ 1950ರಲ್ಲಿ ಧಾರವಾಡಕ್ಕೆ ಬಂತು. (ಅದಕ್ಕೂ ಮೊದಲು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಬಿ.ಎ. ಮಾಡಿದ ಅಜ್ಜಂದಿರ ಪದವಿ ಮುಂಬಯಿ ವಿಶ್ವವಿದ್ಯಾಲಯದ್ದು. ಕುಂದಗೋಳ ಆಗ ಜಮಖಂಡಿ ಸಂಸ್ಥಾನದ್ದು. ಆ ಕಾಲದ ಕಾಗದ ಹುಡುಕುವವರು ಧಾರವಾಡಕ್ಕೆ ಹೋದರೆ ವ್ಯರ್ಥ.) 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯ ಬೇರೆಯಾಗುವ ತನಕ ಬೀದರಿನ ಹುಡುಗನ ಲೆಕ್ಕವೂ ಧಾರವಾಡದಲ್ಲೇ. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆಗುವ ತನಕ ಬೆಳಗಾವಿಯದೂ ಅಲ್ಲೇ. ವೈದ್ಯಕೀಯಕ್ಕೆ 1996ರಲ್ಲಿ ರಾಜೀವ್ ಗಾಂಧಿ ವಿಶ್ವವಿದ್ಯಾಲಯ ಬಂತು, ಇಂಜಿನಿಯರಿಂಗಿಗೆ 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಕಾಲೇಜುಗಳು ಹೋದವು, ಹುಡುಗರು ಹೋದರು, ಫೀ ಕೂಡ ಹೋಯಿತು. ಹಳೆಯ ಲೆಡ್ಜರು ಮಾತ್ರ ಹೋಗಲಿಲ್ಲ. 1985ರಲ್ಲಿ ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಇಂಜಿನಿಯರ್ ಆಗಿ ಅಮೆರಿಕದಲ್ಲಿ ಕುಳಿತವರು ಇವತ್ತು ಅಂಕಪಟ್ಟಿಯ ದೃಢೀಕೃತ ನಕಲು ಬೇಕೆಂದರೆ ಧಾರವಾಡಕ್ಕೇ ಬರೆಯಬೇಕು. ಮಕ್ಕಳು ಮನೆ ಬಿಟ್ಟು ಬೇರೆ ಸಂಸಾರ ಹೂಡಿದರೂ ಎಲ್ಲರ ಜಾತಕದ ಗಂಟು ತಾಯಿಯ ಟ್ರಂಕಿನಲ್ಲೇ ಉಳಿದ ಹಾಗೆ.

ಹೀಗಾಗಿ ಗುಮಾಸ್ತನ ಮೇಜಿನ ಮೇಲೆ ಇವತ್ತಿನ ಹುಡುಗನ ಅರ್ಜಿಯೊಂದೇ ಇರುವುದಿಲ್ಲ. ಆವಕ ವಹಿಯಲ್ಲಿ ನಂಬರು ಬಿದ್ದ ತಪಾಲು ದಿನಾ ಬರುತ್ತದೆ. ಡುಪ್ಲಿಕೇಟ್ ಮಾರ್ಕ್ಸ್ ಕಾರ್ಡು, ಮೈಗ್ರೇಷನ್ನು, ಪ್ರೊವಿಜನಲ್ಲು, ಹೆಸರು ತಿದ್ದುಪಡಿ ಇವೆಲ್ಲ ಊರವರಿಗೆ ಗೊತ್ತು. ಗೊತ್ತಿಲ್ಲದ್ದು ಬೇರೊಂದಿದೆ. ಯಾರಿಗಾದರೂ ಸರಕಾರಿ ನೌಕರಿ ಸಿಕ್ಕರೆ ಆ ಇಲಾಖೆ ಅವರ ಅಂಕಪಟ್ಟಿಯನ್ನು ‘ಇದು ಖರೇನೋ ಸುಳ್ಳೋ’ ಅಂತ ವಿಶ್ವವಿದ್ಯಾಲಯಕ್ಕೆ ಕಳಿಸುತ್ತದೆ. ಬೆಂಗಳೂರಿನ ಕಂಪನಿಗಳು ಕಳಿಸುತ್ತವೆ, ಪರದೇಶದ ಸಂಸ್ಥೆಗಳು ಕಳಿಸುತ್ತವೆ. ಒಂದೊಂದಕ್ಕೂ ಪರೀಕ್ಷೆಯ ತಿಂಗಳು, ವರ್ಷ, ಸೀಟ್ ನಂಬರ್ ಹಿಡಿದು ಕಪಾಟಿನ ಮುಂದೆ ನಿಲ್ಲಬೇಕು. ಲೆಡ್ಜರು ಇಳಿಸಬೇಕು, ಧೂಳು ಜಾಡಿಸಬೇಕು, ಬೆರಳಿಟ್ಟು ಸಾಲು ಹುಡುಕಬೇಕು. ಸೀಟ್ ನಂಬರ್ ಇಲ್ಲದೆ ‘1991ರಾಗ ಪಾಸಾಗೀನ್ರಿ, ಹೆಸರು ಮಂಜುನಾಥ’ ಅಂತ ಬಂದರೆ ಗತಿಯೇನು? ಆ ವರ್ಷ ಮಂಜುನಾಥರೆಷ್ಟು ಮಂದಿ? ಮೇ ತಿಂಗಳೋ, ಅಕ್ಟೋಬರೋ? ಖುದ್ದು ಮಂಜುನಾಥನಿಗೇ ನೆನಪಿಲ್ಲ.

ಅಲ್ಲಿ ನೆನಪಿರುವುದು ಎರಡು ಮೂರು ಮಂದಿ ಹಿರಿಯರಿಗೆ. ಯಾವ ವರ್ಷ ಸಿಲಬಸ್ ಬದಲಾಯಿತು, ಯಾವ ಕಪಾಟಿನ ಕೆಳಗಿನ ಅರೆಯಲ್ಲಿ ಯಾವ ಗಂಟು ಇದೆ ಎಂಬುದು ಅವರ ತಲೆಯಲ್ಲಿ ಇರುತ್ತದೆ, ಯಾವ ಪುಸ್ತಕದಲ್ಲೂ ಇರುವುದಿಲ್ಲ. ಅಂಥವರೊಬ್ಬರು ನಿವೃತ್ತರಾದ ದಿನ ಶಾಲು ಹೊದಿಸಿ ಹಾರ ಹಾಕಿ ಕಳಿಸುತ್ತಾರೆ. ಮರುದಿನ ಅರ್ಧ ರೆಕಾರ್ಡ್ ರೂಮಿಗೆ ಬೀಗ ಬಿದ್ದ ಹಾಗೆ. ಅವರ ಕುರ್ಚಿಗೆ ಬರುವವರು ಗುತ್ತಿಗೆ ಹುಡುಗರು. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಖಾಲಿ ಹುದ್ದೆ ತುಂಬದೆ ಬಿಡುವುದು ಹೊಸ ಸುದ್ದಿಯಲ್ಲ. ಪ್ರಾಧ್ಯಾಪಕರ ಹುದ್ದೆ ಖಾಲಿಯಾದರೆ ಪತ್ರಿಕೆಯಲ್ಲಿ ಬರುತ್ತದೆ, ದ್ವಿತೀಯ ದರ್ಜೆ ಸಹಾಯಕನದು ಖಾಲಿಯಾದರೆ ಕೌಂಟರಿನ ಸಾಲು ಉದ್ದವಾಗುತ್ತದೆ, ಅಷ್ಟೇ.

ಈಗ ಊರಿನ ಕಡೆ ತಿರುಗೋಣ. ತಾಲೂಕಿನಲ್ಲಿ ಜೂನ್ 1ಕ್ಕೆ ಹುಟ್ಟಿದವರು ಎಷ್ಟು ಜನ ಎಂದು ಯಾವ ಶಾಲೆಯ ಹಾಜರಿ ಪುಸ್ತಕ ತೆಗೆದರೂ ತಿಳಿಯುತ್ತದೆ. ಎಲ್ಲ ತಾಯಂದಿರೂ ಒಂದೇ ದಿನ ಹೆತ್ತವರಲ್ಲ. ದಾಖಲಾತಿಯ ದಿನ ಮಾಸ್ತರರು ‘ಯಾವಾಗ ಹುಟ್ಯಾನ?’ ಅಂತ ಕೇಳಿದರು. ಅಪ್ಪ ‘ಸೀಗಿ ಹುಣ್ಣಿವಿ ಮುಂದ ಮಾಡಿಕೊಂಡು ಹುಟ್ಯಾನ್ರಿ’ ಅಂದ. ಮಾಸ್ತರರು ಜೂನ್ 1 ಬರೆದರು. ಅದೇ ಎಸ್ಸೆಸ್ಸೆಲ್ಸಿಗೆ ಹೋಯಿತು, ಅದೇ ಪಿಯುಸಿಗೆ, ಅದೇ ಪದವಿಗೆ. ಅತ್ತ ಆಧಾರ ಕಾರ್ಡಿಗೆ ಮನೆಯವರು ಬೇರೆ ತಾರೀಖು ಹೇಳಿದ್ದಾರೆ.

ಹೆಸರಿನ ಕಥೆ ಇದಕ್ಕಿಂತ ದೊಡ್ಡದು. ಈರಣ್ಣ ಎಂಬ ಹುಡುಗ ಒಬ್ಬನಿದ್ದಾನೆ ಅಂತ ಇಟ್ಟುಕೊಳ್ಳಿ. ಕನ್ನಡದಲ್ಲಿ ಅವನಿಗೆ ತೊಂದರೆಯೇ ಇಲ್ಲ. ಇಂಗ್ಲಿಷಿನಲ್ಲಿ ಶಾಲೆಯವರು ‘ಐ’ಯಿಂದ ಬರೆದರು, ಆಧಾರದವರು ಎರಡು ‘ಇ’ ಹಾಕಿದರು, ಬ್ಯಾಂಕಿನವರು ವೀರಣ್ಣ ಮಾಡಿದರು. ಅಪ್ಪನ ಹೆಸರು ಒಂದು ಕಡೆ ಪೂರ್ತಿ, ಒಂದು ಕಡೆ ಒಂದೇ ಅಕ್ಷರ. ಅಡ್ಡಹೆಸರು ಒಮ್ಮೆ ಹಿಂದೆ, ಒಮ್ಮೆ ಮುಂದೆ. ಇಷ್ಟಾದ ಮೇಲೆ ನೌಕರಿಯ ಸಂದರ್ಶನದಲ್ಲಿ ‘ಇವರಲ್ಲಿ ನೀವು ಯಾರು?’ ಅಂತ ಕೇಳುತ್ತಾರೆ. ಈರಣ್ಣ ಬಸ್ಸು ಹತ್ತುತ್ತಾನೆ. ಧಾರವಾಡದಲ್ಲಿ ಗುಮಾಸ್ತ ಫೈಲು ತಿರುವಿ ನೋಡಿ, ‘ಎಸ್ಸೆಸ್ಸೆಲ್ಸಿಯೊಳಗ ಹೆಂಗೈತಿ ಹಂಗ ನಮ್ಮಲ್ಲಿ ಬಂದೈತಿ. ಮೊದಲ ಅಲ್ಲಿ ತಿದ್ದಿಸಿಕೊಂಡು ಬರ್ರಿ’ ಅನ್ನುತ್ತಾನೆ. ಈರಣ್ಣನಿಗೆ ಇದು ಉಡಾಫೆಯ ಉತ್ತರದ ಹಾಗೆ ಕೇಳುತ್ತದೆ. ಖರೇ ಹೇಳಬೇಕೆಂದರೆ ಅದೇ ಸರಿಯಾದ ಉತ್ತರ. ಮೇಲಿನ ತರಗತಿಯ ಹೆಸರು ಕೆಳಗಿನ ತರಗತಿಯ ಕಾಗದದಿಂದ ಬರುತ್ತದೆ. ನೀರು ತಿಳಿಯಾಗಬೇಕಾದರೆ ಹಳ್ಳದ ಮೇಲ್ಗಡೆಯಿಂದ ಆಗಬೇಕು. ಹಾಗಾಗಿ ಈರಣ್ಣ ಮೊದಲು ಓದಿದ ಶಾಲೆಗೆ, ಅಲ್ಲಿಂದ ಬೋರ್ಡಿಗೆ, ಆಮೇಲೆ ಮತ್ತೆ ವಿಶ್ವವಿದ್ಯಾಲಯಕ್ಕೆ. ಒಂದು ಅಕ್ಷರಕ್ಕೆ ಒಂದು ವರ್ಷ ಹೋದರೆ ಆಶ್ಚರ್ಯಪಡಬೇಕಾಗಿಲ್ಲ. ಅಷ್ಟರಲ್ಲಿ ನೌಕರಿ ಬೇರೆಯವರ ಪಾಲು.

ಇಲ್ಲಿ ತಪ್ಪು ಯಾರದು? ಗುಮಾಸ್ತನದಂತೂ ಅಲ್ಲ. ಆದರೆ ‘ಮೊದಲು ಅಲ್ಲಿಗೆ ಹೋಗಿ’ ಎಂಬ ಮಾತನ್ನು ಕೇಳಲು ನಲವತ್ತು ಕಿಲೋಮೀಟರು ಹೋಗಿ ನಲವತ್ತು ಬರಬೇಕೆ ಎಂಬ ಪ್ರಶ್ನೆಗೆ ಮೇಲಿನ ಅಧಿಕಾರಿ ವರ್ಗ ಉತ್ತರ ಕೊಡಬೇಕು. ಅಡವಿಯಲ್ಲಿ ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ಮನೆಯ ಒಬ್ಬ ಆಳು ದಿನವಿಡೀ ಧಾರವಾಡದಲ್ಲಿ ನಿಂತರೆ ಅದು ಸಣ್ಣ ನಷ್ಟವಲ್ಲ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಬಸ್ಸು ಪುಕ್ಕಟೆ. ‘ತಾಯಿನ್ನ ಕಳಿಸ್ರಿ, ಟಿಕೆಟ್ ಉಳೀತದ’ ಅಂತ ಚಾಷ್ಟಿ ಮಾಡುವವರಿದ್ದಾರೆ. ಎ.ಸಿ. ಚಿಗರಿ ಬಿಟ್ಟು ಸಾದಾ ಬಸ್ಸಿಗೆ ಹೋಗಬೇಕು, ಅಷ್ಟೇ! ಆದರೆ ತಾಯಿಯ ಕೈಯಲ್ಲಿ ಮಗನ ಕಾಗದ ಕೊಡಲು ಒಪ್ಪಿಗೆ ಪತ್ರ ಬೇಕು, ಗುರುತಿನ ಚೀಟಿ ಬೇಕು. ಬೇಕೂ ಬೇಕು. ಸಿಕ್ಕವರ ಕೈಗೆ ಪದವಿ ಪತ್ರ ಹಂಚುವ ಕಚೇರಿಗಿಂತ ಕೊಡದೆ ಸತಾಯಿಸುವ ಕಚೇರಿಯೇ ವಾಸಿ.

ಕಂಪ್ಯೂಟರ್ ಬಂದಿದೆಯಲ್ಲ ಎಂದು ಕೇಳುವವರಿಗೆ ಉತ್ತರ: ಬಂದಿದೆ. 2021ರಿಂದ ರಾಜ್ಯದ ವಿಶ್ವವಿದ್ಯಾಲಯಗಳಿಗೆಲ್ಲ ಯುಯುಸಿಎಂಎಸ್ ಎಂಬ ಒಂದೇ ವ್ಯವಸ್ಥೆ. ಪ್ರವೇಶ, ಪರೀಕ್ಷೆ, ಅಂಕ ಎಲ್ಲ ಅದರಲ್ಲೇ. ಡಿಜಿಲಾಕರಿನಲ್ಲಿ ಅಂಕಪಟ್ಟಿ ಸಿಕ್ಕರೆ ಅದು ಮೂಲ ಕಾಗದಕ್ಕೆ ಸಮ ಎಂದು ಕೇಂದ್ರದ ನಿಯಮವೂ ಇದೆ. ಒಳ್ಳೆಯದೇ. ಆದರೆ ಕಂಪ್ಯೂಟರಿಗೆ ಈರಣ್ಣನ ಮೇಲೆ ಗುಮಾಸ್ತನಿಗಿರುವಷ್ಟು ಕನಿಕರವೂ ಇಲ್ಲ. ಒಂದು ಅಕ್ಷರ ಬೇರೆಯಾದರೆ ಗುಮಾಸ್ತ ಮುಖ ನೋಡಿ ‘ಇವನ ಅವನು’ ಅಂದಾನು. ಕಂಪ್ಯೂಟರು ‘ಇವನು ಬೇರೆ, ಅವನು ಬೇರೆ’ ಅನ್ನುತ್ತದೆ. ಇನ್ನು ಯುಯುಸಿಎಂಎಸ್ ಹೊಸ ಹುಡುಗರದು. 1991ರ ಮಂಜುನಾಥ ಇನ್ನೂ ಕಪಾಟಿನಲ್ಲೇ ಇದ್ದಾನೆ.

ಈ ನಡುವೆ ನೆರೆಯ ಜಿಲ್ಲೆಯಲ್ಲಿ ಮತ್ತೊಂದು ತಮಾಷೆ. 2023ರಲ್ಲಿ ಸರಕಾರ ಏಳು ಹೊಸ ವಿಶ್ವವಿದ್ಯಾಲಯ ತೆರೆಯಿತು, ಹಾವೇರಿಯದೂ ಒಂದು. ಕುಂದಗೋಳದ ಮಗ್ಗುಲಲ್ಲೇ ಇರುವ ಶಿಗ್ಗಾವಿ, ಸವಣೂರಿನ ಹುಡುಗರು ಧಾರವಾಡ ಬಿಟ್ಟು ಆ ಕಡೆಯವರಾದರು. ಎರಡು ವರ್ಷ ತುಂಬುವುದರೊಳಗೆ, 2025ರ ಫೆಬ್ರವರಿಯಲ್ಲಿ, ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸಚಿವ ಸಂಪುಟದ ಉಪಸಮಿತಿಯಿಂದಲೇ ಬಂತು. ದುಡ್ಡಿಲ್ಲವಂತೆ. ಕಟ್ಟಡ, ಕುಲಪತಿ, ಪ್ರಾಧ್ಯಾಪಕರ ಬಗ್ಗೆ ಎಲ್ಲರೂ ಮಾತಾಡಿದರು. ಆ ಎರಡು ವರ್ಷದಲ್ಲಿ ಓದಿದವರ ಲೆಡ್ಜರು ಯಾರ ಕಪಾಟಿಗೆ ಹೋಗುತ್ತದೆ ಎಂಬುದನ್ನು ಯಾರಾದರೂ ಗಟ್ಟಿಯಾಗಿ ಕೇಳಿದರೇ? 2045ರಲ್ಲಿ ಶಿಗ್ಗಾವಿಯ ಒಬ್ಬ ಹೆಣ್ಣುಮಗಳು ತನ್ನ ಪದವಿಯ ನಕಲಿಗೆ ಹಾವೇರಿಗೆ ಹೋಗಬೇಕೋ ಧಾರವಾಡಕ್ಕೋ? ವಿಶ್ವವಿದ್ಯಾಲಯ ತೆರೆಯುವುದು ಒಂದು ಸಹಿಯ ಕೆಲಸ, ಮುಚ್ಚುವುದೂ ಒಂದು ಸಹಿಯ ಕೆಲಸ. ನಡುವೆ ಓದಿದವರ ಸಾಲುಗಳನ್ನು ಕಾಯುವುದು ಅರವತ್ತು ವರ್ಷದ ಕೆಲಸ. ಈ ಲೆಕ್ಕವನ್ನು ಸಂಪುಟದ ಮುಂದೆ ಇಡಬೇಕಾದವನು ಬಹುಶಃ ಗುಮಾಸ್ತನೇ, ಆದರೆ ಅವನನ್ನು ಸಂಪುಟಕ್ಕೆ ಯಾರೂ ಕರೆಯುವುದಿಲ್ಲ.

ಹಾಗಾದರೆ ಏನಾಗಬೇಕು? ತಹಶೀಲ್ದಾರರ ಕಚೇರಿಗೆ ಜಾತಿ-ಆದಾಯ ಪತ್ರಕ್ಕೆ ಅರ್ಜಿ ಹಾಕಿದರೆ ಸಕಾಲದ ಚೀಟಿ ಕೊಡುತ್ತಾರೆ, ಅದರಲ್ಲಿ ಇಂಥ ತಾರೀಖು ಅಂತ ಇರುತ್ತದೆ. 2011ರ ಕಾಯ್ದೆ ಅದು. ವಿಶ್ವವಿದ್ಯಾಲಯದ ಪ್ರತಿಯೊಂದು ಕಾಗದಕ್ಕೂ ಅಂಥ ತಾರೀಖಿನ ಚೀಟಿ ಕೈಗೆ ಬಂದರೆ ‘ನಾಳೆ ಬರ್ರಿ’ ಎಂಬ ಮಾತಿಗೆ ಜಾಗವೇ ಉಳಿಯುವುದಿಲ್ಲ. ಹಳ್ಳಿಗಳಲ್ಲಿ 2022ರಿಂದ ಗ್ರಾಮ ಒನ್ ಕೇಂದ್ರಗಳು ಬಂದಿವೆ, ಪಹಣಿ ಅಲ್ಲಿ ಸಿಗುವುದಾದರೆ ಮಾರ್ಕ್ಸ್ ಕಾರ್ಡಿನ ಅರ್ಜಿಯನ್ನು ಅಲ್ಲೇ ಯಾಕೆ ನೋಡಬಾರದು? ಯಾವ ಕಾಗದ ಕಡಿಮೆ ಇದೆ ಎಂದು ಕುಂದಗೋಳದಲ್ಲೇ ಹೇಳಿದರೆ ಅರ್ಧ ಫೈಲುಗಳು ಬಸ್ಸು ಹತ್ತುವುದೇ ಇಲ್ಲ. ತಿಂಗಳಿಗೊಂದು ದಿನ ವಿಶ್ವವಿದ್ಯಾಲಯದ ಇಬ್ಬರು ತಾಲೂಕಿನ ಕಾಲೇಜಿಗೆ ಬಂದು ಕೂಡಬಹುದು. ಇಬ್ಬರು ಬಂದು ಹೋಗುವ ಭತ್ಯೆ ಹೆಚ್ಚೋ, ಇನ್ನೂರು ಮಂದಿ ಹೋಗಿ ಬರುವ ಖರ್ಚು ಹೆಚ್ಚೋ, ಯಾವ ಕಿರಾಣಿ ಅಂಗಡಿಯವರಾದರೂ ಬೆರಳ ಮೇಲೆ ಹೇಳಿಯಾರು. ಹಳೆಯ ಲೆಡ್ಜರುಗಳ ಚಿತ್ರ ತೆಗೆದಿಡುವ ಕೆಲಸಕ್ಕೆ ಸರಕಾರ ಬೇರೆಯಾಗಿಯೇ ದುಡ್ಡು ಕೊಡಬೇಕು, ಅದೂ ಸಾಲು ಹುಡುಕಬಲ್ಲ ಹಿರಿಯರು ಕುರ್ಚಿಯಲ್ಲಿರುವಾಗಲೇ.

ಊರಿನವರ ಕೈಯಲ್ಲೂ ಒಂದು ಕೆಲಸ ಇದೆ. ಕಾಲೇಜು ಪ್ರವೇಶದ ಅರ್ಜಿಯನ್ನು ನೆಟ್ ಸೆಂಟರಿನಲ್ಲಿ ತುಂಬುವುದು ಹೇಗೆ ಎಂಬುದನ್ನು ಎಲ್ಲರೂ ಕಂಡಿದ್ದಾರೆ. ಹೊರಗೆ ಹತ್ತು ಮಂದಿ ಸಾಲು, ಕರೆಂಟು ಯಾವಾಗ ಹೋಗುತ್ತದೋ ಎಂಬ ಗಡಿಬಿಡಿ, ಅಂಗಡಿಯ ಹುಡುಗ ಟಕಟಕ ಕುಟ್ಟಿ ಒತ್ತಿಬಿಡುತ್ತಾನೆ. ಅಲ್ಲಿ ಬಿದ್ದ ಅಕ್ಷರವೇ ಮುಂದೆ ಧಾರವಾಡದ ಕೌಂಟರಿನಲ್ಲಿ ಜಗಳಕ್ಕೆ ನಿಲ್ಲುತ್ತದೆ. ಒತ್ತುವ ಮೊದಲು ಒಂದು ಪ್ರತಿ ಕಾಗದದ ಮೇಲೆ ತೆಗೆದು, ಎಸ್ಸೆಸ್ಸೆಲ್ಸಿ ಕಾರ್ಡನ್ನು ಪಕ್ಕಕ್ಕಿಟ್ಟುಕೊಂಡು, ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ತಾರೀಖು ನಾಲ್ಕನ್ನೂ ಅಕ್ಷರ ಅಕ್ಷರ ತಾಳೆ ನೋಡಬೇಕು. ನೆಟ್ ಸೆಂಟರಿನವರು ಇದಕ್ಕೆ ಐದು ರೂಪಾಯಿ ಹೆಚ್ಚು ಕೇಳಿದರೆ ಕೊಟ್ಟುಬಿಡಿ. ಧಾರವಾಡದ ಬಸ್ ಚಾರ್ಜಿಗಿಂತ ಅದು ಕಡಿಮೆಯೇ.