ಬಡ್ಡಿಗೆ ರಜೆಯಿಲ್ಲ

ನಮ್ಮ ನಾಯಕನಹಟ್ಟಿಯಲ್ಲಿ ಹರಾಜು ಎಂದರೆ ಜಾತ್ರೆಯ ಮಾತು. ಫಾಲ್ಗುಣದ ದೊಡ್ಡ ತೇರಿನ ದಿನ ತಿಪ್ಪೇರುದ್ರಸ್ವಾಮಿಯ ಮುಕ್ತಿ ಬಾವುಟವನ್ನು ಲಕ್ಷಗಳಲ್ಲಿ ಕೂಗುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ಆದರೆ ಇನ್ನೊಂದು ಬಗೆಯ ಹರಾಜೂ ಇದೆ. ಅದು ಬಾಗಿಲಿಗೆ ಅಂಟಿಸಿದ ಬ್ಯಾಂಕಿನ ನೋಟಿಸಿನಿಂದ ಶುರುವಾಗುತ್ತದೆ. ಆ ಮನೆಯ ಹೆಂಗಸು ನಾಲ್ಕು ದಿನ ಬೀದಿಯ ನಲ್ಲಿಗೆ ನೀರಿಗೂ ಬರುವುದಿಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೇ. ಕೆಲಸ ಕಳೆದುಕೊಂಡವರ ಮನೆಸಾಲದ ಬಡ್ಡಿಯನ್ನು ಕೆಲವು ತಿಂಗಳಾದರೂ ಸರ್ಕಾರ ಹೊರಬೇಕು. ಅಸಲು ಬೇಡ, ಬಡ್ಡಿ ಸಾಕು.

ಹೀಗೆಂದ ಕೂಡಲೇ ನಮ್ಮೂರಿನವರು ಸ್ವಾಮಿಯ ಮಾತನ್ನೇ ನನ್ನ ಮೇಲೆ ಎಸೆಯುತ್ತಾರೆಂದು ಬಲ್ಲೆ: "ಮಾಡಿದಷ್ಟು ನೀಡು ಭಿಕ್ಷೆ." ದುಡಿದಷ್ಟು ಪಡೆ ಎಂಬ ಆ ಮಾತು ನನಗೂ ಪ್ರಿಯವೇ. ಆದರೆ ಅದನ್ನು ಹೇಳಿದವರು ಕೆರೆಗಳನ್ನು ಕಟ್ಟಿಸಿದವರು ಎಂಬುದನ್ನು ಮರೆಯಬಾರದು. ಮೊದಲು ಕೆಲಸ ಕೊಟ್ಟರು, ಆಮೇಲೆ ಲೆಕ್ಕ ಕೇಳಿದರು. ಕೆಲಸವನ್ನೇ ಕೊಡದೆ ಲೆಕ್ಕ ಮಾತ್ರ ಕೇಳುವುದು ಯಾವ ನ್ಯಾಯ?

ಸರ್ಕಾರ ಬಡ್ಡಿಗೆ ನೆರವು ಕೊಡುವುದೇ ಇಲ್ಲ ಎಂದಲ್ಲ, ಧಾರಾಳವಾಗಿ ಕೊಡುತ್ತದೆ. ಯಾರಿಗೆ ಎಂದು ನೋಡಿ. ಸಹಕಾರ ಸಂಘದ ಬೆಳೆಸಾಲಕ್ಕೆ ನಮ್ಮ ರಾಜ್ಯದಲ್ಲಿ ಬಡ್ಡಿಯೇ ಇಲ್ಲ. 2023-24ರಲ್ಲಿ ಅದರ ಮಿತಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಆದರೆ ಸಕಾಲಕ್ಕೆ ತೀರಿಸಿದವರಿಗೆ ಮಾತ್ರ. 2024ರಲ್ಲಿ ಶುರುವಾದ ನಗರ ಆವಾಸ್ ಯೋಜನೆಯ ಎರಡನೆಯ ಹಂತದಲ್ಲಿ ಮನೆಸಾಲದ ಮೊದಲ 8 ಲಕ್ಷಕ್ಕೆ ಶೇ 4ರ ಬಡ್ಡಿ ರಿಯಾಯಿತಿ ಉಂಟು, ಐದು ವಾರ್ಷಿಕ ಕಂತುಗಳಲ್ಲಿ ಗರಿಷ್ಠ 1.80 ಲಕ್ಷ. ಆದರೆ ಪ್ರತಿ ಕಂತು ಬಿಡುಗಡೆಯಾಗುವಾಗಲೂ ಸಾಲದ ಖಾತೆ ಚಾಲ್ತಿಯಲ್ಲಿರಬೇಕು. ಅಂದರೆ ಕಟ್ಟಲು ಶಕ್ತಿಯಿದ್ದವರಿಗೆ ಕೊಡೆ, ಮಳೆ ಬಂದ ಕೂಡಲೇ ಅದನ್ನು ಕಿತ್ತುಕೊಳ್ಳುವುದು.

ಇನ್ನು ನಿರುದ್ಯೋಗದ ನೆರವು. 2005ರ ಉದ್ಯೋಗ ಖಾತ್ರಿ ಕಾಯಿದೆಯಲ್ಲಿ, ಅರ್ಜಿ ಹಾಕಿ 15 ದಿನದೊಳಗೆ ಕೆಲಸ ಸಿಗದಿದ್ದರೆ ಭತ್ಯೆ ಕೊಡಬೇಕೆಂದು ಬರೆದಿತ್ತು. ಅದು ಹಳ್ಳಿಗಳಿಗೆ ಮಾತ್ರ. ಪಟ್ಟಣ ಪಂಚಾಯಿತಿ ಎಂಬ ಬೋರ್ಡು ಬಿದ್ದ ನಮ್ಮಂಥ ಊರಿಗಲ್ಲ. 2024ರ ಜನವರಿಯಲ್ಲಿ ಚಾಲನೆ ಪಡೆದ ಯುವನಿಧಿ, ಆಗಷ್ಟೇ ಓದು ಮುಗಿಸಿದ ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ. ಮನೆಸಾಲ ಹೊತ್ತ ನಲವತ್ತರ ಹೆಂಗಸು ಅದರ ಲೆಕ್ಕದಲ್ಲಿಲ್ಲ.

ಇ.ಎಸ್.ಐ. ಇದ್ದವರಿಗಾಗಿ 2018ರ ಜುಲೈ 1ರಂದು ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ ಬಂತು. ಕೆಲಸ ಹೋದರೆ ಸಂಬಳದ ಕಾಲು ಭಾಗ ಎಂದಿದ್ದುದು 2020ರಲ್ಲಿ ಅರ್ಧಕ್ಕೆ ಏರಿತು. ಅದೂ 90 ದಿನ, ಜೀವಮಾನದಲ್ಲಿ ಒಂದೇ ಸಲ. ಗಾರ್ಮೆಂಟ್ಸಿನಲ್ಲಿ ತಿಂಗಳಿಗೆ 14,000 ದುಡಿಯುತ್ತಿದ್ದವಳಿಗೆ ಈ ಲೆಕ್ಕದಲ್ಲಿ ಸಿಗುವುದು 7,000. ಅವಳ ಮನೆಸಾಲ 8 ಲಕ್ಷ, ಬಡ್ಡಿ ಶೇ 9, ಅವಧಿ 20 ವರ್ಷ ಎಂದಿಟ್ಟುಕೊಳ್ಳಿ. ಕಂತು ಸುಮಾರು 7,200. ಬಂದದ್ದೆಲ್ಲ ಬ್ಯಾಂಕಿಗೇ ಹೋಗುತ್ತದೆ, ಅದಕ್ಕೂ 200 ಸಾಲದು. ಅಕ್ಕಿ, ಬೇಳೆ, ಗ್ಯಾಸು ಎಲ್ಲಿಂದ?

ಬ್ಯಾಂಕಿನ ಗಡಿಯಾರವೂ 90 ದಿನದ್ದೇ. ಅಷ್ಟು ದಿನ ಬಾಕಿ ಉಳಿದರೆ ಸಾಲ "ವಸೂಲಾಗದ ಸಾಲ"ದ ಪಟ್ಟಿಗೆ ಸೇರುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯಿದೆಯಡಿ 60 ದಿನದ ನೋಟಿಸು, ಅಲ್ಲಿಂದ ಮುಂದೆ ಮನೆಯ ಸ್ವಾಧೀನ. ಅದೇ ಒಂದು ಕಂಪನಿ ದಿವಾಳಿಯೆದ್ದರೆ? 2016ರ ದಿವಾಳಿ ಸಂಹಿತೆಯ ಪ್ರಕಾರ ಅರ್ಜಿ ಅಂಗೀಕಾರವಾದ ದಿನದಿಂದಲೇ ವಸೂಲಿಗೆ ತಡೆ. ಪ್ರಕ್ರಿಯೆ ಮುಗಿಸಲು 180 ದಿನ, ಬೇಕಾದರೆ ಇನ್ನೂ ವಿಸ್ತರಣೆ. ಕಾರ್ಖಾನೆಗೆ ಉಸಿರಾಡಲು ಬಿಡುವು ಬೇಕೆಂದು ಒಪ್ಪುವ ಕಾನೂನು, ಅಡುಗೆಮನೆಗೆ ಅದು ಬೇಡವೆನ್ನುತ್ತದೆ.

"ಕೊರೋನಾ ಕಾಲದಲ್ಲಿ ಬಿಡುವು ಕೊಟ್ಟಿದ್ದರಲ್ಲ" ಎನ್ನುತ್ತೀರಿ. ಹೌದು. ರಿಸರ್ವ್ ಬ್ಯಾಂಕು 2020ರ ಮಾರ್ಚ್ 27ರಂದು ಹೇಳಿ, ಆಗಸ್ಟ್ 31ರ ತನಕ ಕಂತು ಮುಂದೂಡಲು ಅವಕಾಶ ಕೊಡಿಸಿತು. ರಜೆ ಸಿಕ್ಕಿದ್ದು ಕಂತಿಗೆ. ಬಡ್ಡಿ ದಿನಾ ಓಡುತ್ತಲೇ ಇತ್ತು. ಆಮೇಲೆ ಕೇಂದ್ರ ಸರ್ಕಾರ, 2 ಕೋಟಿಯವರೆಗಿನ ಸಾಲಗಳಿಗೆ "ಬಡ್ಡಿಯ ಮೇಲಿನ ಬಡ್ಡಿ"ಯನ್ನು ಹಿಂದಿರುಗಿಸಿತು. ಮೇಲೆ ಹೇಳಿದ 8 ಲಕ್ಷದ ಲೆಕ್ಕದಲ್ಲೇ ನೋಡಿ: ಆರು ತಿಂಗಳ ಬಡ್ಡಿ 36,000 ರೂಪಾಯಿ, ಹಿಂದಿರುಗಿದ್ದು 700ಕ್ಕೂ ಕಡಿಮೆ!

ಇದು ಹೆಂಗಸರ ಮಾತೇಕೆ ಎನ್ನುವವರಿಗೂ ಉತ್ತರವಿದೆ. 2015ರ ಆವಾಸ್ ಯೋಜನೆಯಲ್ಲಿ ಬಡ ಕುಟುಂಬದ ಮನೆ ಸಾಮಾನ್ಯವಾಗಿ ಹೆಂಗಸಿನ ಹೆಸರಿನಲ್ಲಿ, ಇಲ್ಲವೇ ಜಂಟಿ ಹೆಸರಿನಲ್ಲಿರಬೇಕೆಂದು ನಿಯಮ ಮಾಡಿದರು. ಒಳ್ಳೆಯದೇ, ನಾವೆಲ್ಲ ಸಂತೋಷಪಟ್ಟೆವು. ಆದರೆ ಮನೆ ನಮ್ಮ ಹೆಸರಿಗೆ ಬಂದ ಮೇಲೆ ನೋಟಿಸೂ ನಮ್ಮ ಹೆಸರಿಗೇ ಬರುತ್ತದೆ. ಕೆಲಸ ಗಂಡನದು ಹೋದರೂ ಮಾಂಗಲ್ಯದ ಸರ ಹೆಂಡತಿಯದು ಹೋಗುತ್ತದೆ. ಮೊಳಕಾಲ್ಮೂರಿನ ಮಗ್ಗ ನಿಂತಾಗ, ಚಳ್ಳಕೆರೆಯ ಎಣ್ಣೆ ಮಿಲ್ಲಿನ ಬಾಗಿಲು ಮುಚ್ಚಿದಾಗ, ಮೊದಲು ಗಿರವಿ ಅಂಗಡಿಗೆ ನಡೆಯುವವಳು ಅವಳೇ.

ನಾನು ಕೇಳುತ್ತಿರುವುದು ಕಂಡುಕೇಳದ ಸಂಗತಿಯೇನಲ್ಲ. ಬ್ರಿಟನ್ನಿನಲ್ಲಿ ನಿರುದ್ಯೋಗ ಭತ್ಯೆ ಪಡೆಯುವವರ ಮನೆಸಾಲದ ಬಡ್ಡಿಗೆ, ಕೆಲವು ತಿಂಗಳು ಕಾಯಿಸಿದ ಮೇಲೆ, ಸರ್ಕಾರ ನೆರವಾಗುತ್ತದೆ. ಹಣ ಸಾಮಾನ್ಯವಾಗಿ ನೇರವಾಗಿ ಸಾಲ ಕೊಟ್ಟವರಿಗೇ ಹೋಗುತ್ತದೆ, ಪೋಲಾಗುವ ಭಯವಿಲ್ಲ. 2018ರ ಏಪ್ರಿಲ್‌ನಿಂದ ಅಲ್ಲಿಯೂ ಅದನ್ನು ಸಾಲವಾಗಿ ಮಾರ್ಪಡಿಸಿದರು; ಮನೆ ಮಾರಿದಾಗ ಹಿಂದಿರುಗಿಸಬೇಕು. ಅದೊಂದು ಕಂಜೂಸುತನವೇ. ಆದರೂ ನಮ್ಮ ಸರ್ಕಾರಕ್ಕೆ ದಾನ ಮಾಡಲು ಮನಸ್ಸಿಲ್ಲದಿದ್ದರೆ ಅಷ್ಟಾದರೂ ಮಾಡಲಿ. ಆರು ತಿಂಗಳ 36,000 ಕೊಟ್ಟು ಒಂದು ಮನೆ ಉಳಿಸಲಿ. ಮುಂದೆ ಮಾರಿದರೆ ವಸೂಲು ಮಾಡಿಕೊಳ್ಳಲಿ. ಚಾಲ್ತಿ ಖಾತೆಯ ನಿಯಮವನ್ನು ಕೆಲಸ ಹೋದವರಿಗೆ ಸಡಿಲಿಸಲಿ. ಮೋಸ ಮಾಡುವವರು ಇರುವುದಿಲ್ಲವೇ? ಇರುತ್ತಾರೆ. ರೇಷನ್ ಕಾರ್ಡಿನಲ್ಲೂ ಇದ್ದಾರೆ. ಹಾಗೆಂದು ಅಕ್ಕಿ ನಿಲ್ಲಿಸಿದೆವೇ?

ಅಲ್ಲಿಯ ತನಕ ಒಂದು ಕೆಲಸ ಮಾಡಿ. ಕಂತು ತಪ್ಪುವ ಸೂಚನೆ ಕಂಡ ಕೂಡಲೇ, ಮೂರು ತಿಂಗಳು ಕಾಯದೆ, ಬ್ಯಾಂಕಿಗೆ ಹೋಗಿ ಅವಧಿ ಹೆಚ್ಚಿಸಿಕೊಡಿ ಎಂದು ಬರಹದಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ನಾಚಿಕೊಂಡು ಮನೆಯಲ್ಲಿ ಕೂತರೆ ಬಡ್ಡಿ ಕೂರುವುದಿಲ್ಲ. ಇನ್ನು ವೋಟು ಕೇಳಲು ಯಾರಾದರೂ ಮನೆಬಾಗಿಲಿಗೆ ಬಂದರೆ, ಕುಂಕುಮದ ಬಟ್ಟಲು ತರುವ ಮೊದಲು ಒಂದು ಪ್ರಶ್ನೆ ಕೇಳಿ: "ಸ್ವಾಮಿ, ಮನೆ ಕಟ್ಟಲು ಸಾಲ ಕೊಡಿಸಿದಿರಿ. ಕೆಲಸ ಹೋದ ತಿಂಗಳು ಇದರ ಬಡ್ಡಿ ಯಾರು ಕಟ್ಟುತ್ತಾರೆ?"