ಸುಳ್ಳು ಇಸವಿಯ ಪುಸ್ತಕಗಳು

ಹಳೆಯ ಪುಸ್ತಕಗಳನ್ನು ಕೂಡಿಹಾಕುವದು ಪಂಡಿತರ ನಿರುಪದ್ರವಿಯಾದ ಹವ್ಯಾಸವೆಂದು ಜನರು ಭಾವಿಸುವರು. ಆದರೆ ಮೊದಲ ಮುದ್ರಣದ ಪ್ರತಿಗೆ ಹೊನ್ನಿನ ಬೆಲೆ ಬಂದಲ್ಲಿ ಖೋಟಾ ದಸ್ತಾವೇಜೂ ಹಿಂದೆಯೇ ಬರುವದು.

ಇಂಗ್ಲಂಡದ ಥಾಮಸ್ ಜೇಮ್ಸ್ ವೈಸ್ (1859-1937) ಎಂಬವನ ಆಶ್ಲಿ ಗ್ರಂಥಭಂಡಾರವು ಲೋಕಪ್ರಸಿದ್ಧವಾಗಿದ್ದಿತು. ಪುಸ್ತಕಗಳ ವಿಷಯದಲ್ಲಿ ಅವನ ಮಾತೇ ಪ್ರಮಾಣವೆನ್ನುತ್ತಿದ್ದರು. ಅವನು ಪ್ರಸಿದ್ಧ ಕವಿಗಳ ನಿಜವಾದ ಕೃತಿಗಳನ್ನೇ ಎತ್ತಿಕೊಂಡು, ಗುಟ್ಟಾಗಿ ಕಿರುಹೊತ್ತಗೆಗಳನ್ನು ಅಚ್ಚುಹಾಕಿಸಿ, ಮುಖಪುಟದ ಮೇಲೆ ಹಿಂದಿನ ಇಸವಿಯನ್ನು ಹಾಕಿಸುತ್ತಿದ್ದನು. ಹೀಗೆ ಮೊದಲ ಮುದ್ರಣಕ್ಕಿಂತಲೂ ಮೊದಲಿನ ಮುದ್ರಣವೊಂದು ಹುಟ್ಟುತ್ತಿದ್ದಿತು! ಅದರ ಪ್ರತಿಯನ್ನು ಬ್ರಿಟಿಷ್ ಮ್ಯೂಜಿಯಮ್ಮಿಗೆ ಸೇರಿಸಿ, ತಾನು ಬರೆದ ಗ್ರಂಥಸೂಚಿಯಲ್ಲಿ ಅದನ್ನು ತಾನೇ ನಮೂದಿಸುವನು. ಕಳ್ಳನೇ ಪಂಚನಾಮೆ ಬರೆದಂತಾಯಿತು.

1934ರಲ್ಲಿ ಜಾನ್ ಕಾರ್ಟರ್, ಗ್ರೇಹಂ ಪೊಲಾರ್ಡ್ ಎಂಬ ಇಬ್ಬರು ತರುಣ ಪುಸ್ತಕವ್ಯಾಪಾರಿಗಳು ಈ ಗುಟ್ಟನ್ನು ಒಡೆದರು. ಅವರು ಕವಿತೆಯ ಸೊಬಗನ್ನು ನೋಡಲಿಲ್ಲ. ಕಾಗದದ ನಾರನ್ನು ನೋಡಿದರು. ಎಲಿಜಬೆತ್ ಬ್ರೌನಿಂಗಳ ಸಾನೆಟ್ಟುಗಳ ಒಂದು ಹೊತ್ತಗೆಯ ಮೇಲೆ 1847 ಎಂಬ ಇಸವಿಯಿದ್ದಿತು. ಅದರ ಕಾಗದದಲ್ಲಾದರೋ ರಸಾಯನದಿಂದ ಹದಗೊಳಿಸಿದ ಮರದ ತಿರುಳು ಸಿಕ್ಕಿತು. ಅಂಥ ಕಾಗದವು ಇಂಗ್ಲಂಡದಲ್ಲಿ 1874ಕ್ಕಿಂತ ಮುಂಚೆ ಬಳಕೆಯಲ್ಲಿರಲಿಲ್ಲ. ಅಚ್ಚಿನ ಮೊಳೆಗಳು 1880ರ ನಂತರದವು. ಹೀಗೆ ಹತ್ತಾರು ಹೊತ್ತಗೆಗಳ ಬಣ್ಣ ಬಯಲಾಯಿತು. ಆದರೂ ಮಾನನಷ್ಟದ ಕಾನೂನಿಗೆ ಅಂಜಿ ಅವರು ವೈಸನನ್ನು ಖೋಟಾಗಾರನೆಂದು ಬಾಯಿಬಿಟ್ಟು ಹೇಳಲಿಲ್ಲ. ವಕೀಲನಾದ ನನಗೆ ಈ ಜಾಣ್ಮೆಯು ಮೆಚ್ಚಿಕೆಯಾಗಿದೆ. ಓದಿದವನಿಗೆ ಬೇರೆ ಹೆಸರು ಹೊಳೆಯುವಂತಿರಲಿಲ್ಲ.

ವೈಸನು ತೀರಿಕೊಂಡ ಬಳಿಕ ಅವನ ಭಂಡಾರವನ್ನು ಮ್ಯೂಜಿಯಮ್ಮು 66,000 ಪೌಂಡುಗಳಿಗೆ ಕೊಂಡಿತು. 1956ರಲ್ಲಿ ಡೇವಿಡ್ ಫಾಕ್ಸನ್ ಎಂಬವರು ಮತ್ತೊಂದು ಸಂಗತಿಯನ್ನು ಹೊರಗೆಡವಿದರು. ವೈಸನು ಮ್ಯೂಜಿಯಮ್ಮಿನ ಹಳೆಯ ನಾಟಕಪುಸ್ತಕಗಳಿಂದ ಹಾಳೆಗಳನ್ನು ಕದ್ದು ತನ್ನ ಹರಕು ಪ್ರತಿಗಳಿಗೆ ಸೇರಿಸಿದ್ದನು. ಮ್ಯೂಜಿಯಮ್ಮು ತನ್ನ ಸೊತ್ತನ್ನೇ ಹಣ ತೆತ್ತು ಕೊಂಡಿದ್ದಿತು!

ಇಷ್ಟು ಕಾಲ ಅವನು ಸಿಕ್ಕಿಬೀಳದಿದ್ದುದೇಕೆ? ದೊಡ್ಡವನನ್ನು ಪುರಾವೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ನ್ಯಾಯಾಲಯದಲ್ಲಿ ದಸ್ತಾವೇಜು ಅದನ್ನು ಹಾಜರುಪಡಿಸಿದವನ ಪ್ರತಿಷ್ಠೆಯಿಂದ ಸಾಬೀತಾಗುವದಿಲ್ಲ. ಪಾಂಡಿತ್ಯದ ಸಭೆಯಲ್ಲಿಯೂ ಆಗಬಾರದು.

ಈ ಮಾತು ನಮಗೂ ತಗಲುವದು. 1901ರಲ್ಲಿ ಫ್ಲೀಟ್ ಸಾಹೇಬರು ಖೋಟಾ ತಾಮ್ರಪಟಗಳ ಪಟ್ಟಿಯನ್ನು ಪ್ರಕಟಿಸಿದಾಗ ಗಂಗರ ಹಲವು ಶಾಸನಗಳು ಅದರಲ್ಲಿ ಸೇರಿದ್ದವು. ಲಿಪಿಯು ಹೇಳಿದ ಶಕವರ್ಷಕ್ಕೆ ಒಪ್ಪುವದೇ, ವಾರ-ತಿಥಿಗಳು ಕೂಡುವವೇ ಎಂದು ಅವರು ಪರೀಕ್ಷಿಸಿದರು. ಪರಕೀಯರ ಮಾತನ್ನು ನಾವೇಕೆ ಕೇಳಬೇಕೆಂದು ಸಿಡುಕುವದು ಸುಲಭ. ಪಟಗಳನ್ನು ಮತ್ತೆ ಪರೀಕ್ಷಿಸುವದು ಕಷ್ಟ. ಮುಂದಿನ ವಿದ್ವಾಂಸರು ಆ ಕಷ್ಟವನ್ನು ಪಟ್ಟುದರಿಂದಲೇ ಅವುಗಳಲ್ಲಿ ಕೆಲವು ನಿಜವಾದವೆಂದು ನಿಂತವು. ಕನ್ನಡ ನಾಡಿನ ಎಲ್ಲೆಯನ್ನು ಶಾಸನಗಳ ಬಲದಿಂದ ವಾದಿಸಿದ ಜನ ನಾವು. ಒಂದು ಖೋಟಾ ಪಟವು ಹತ್ತು ನಿಜವಾದ ಪಟಗಳ ಸಾಕ್ಷ್ಯವನ್ನು ಕೆಡಿಸಬಲ್ಲದು.

ಆದುದರಿಂದ ಊರೂರಿನ ವಾಚನಾಲಯಗಳಿಗೆ ತಾಳೆಗರಿ, ಕಡತ, ಹಳೆಯ ಪುಸ್ತಕಗಳು ಬಂದಾಗ, ಯಾರ ಮನೆಯಿಂದ, ಯಾವ ದಿನ, ಎಷ್ಟು ಗರಿಗಳು ಬಂದವೆಂಬದನ್ನು ಶಿಕ್ಷಕರು ಅಂದೇ ದಾಖಲೆಪುಸ್ತಕದಲ್ಲಿ ಬರೆದು, ಕೊಟ್ಟವರ ರುಜುವನ್ನು ತೆಗೆದುಕೊಳ್ಳಲಿ.